ಅಕ್ಕನ ಮನೆಗೆ ಕಟ್ಟೆ ಕೇಳಲು ಹೋದದ್ದು

ಹೊಳೆಮಣ್ಣೂರಿನ ನವಗ್ರಾಮದ ಕ್ರಾಸಿಗೆ ರೋಣದ ಬಸ್ಸು ಬೆಳಿಗ್ಗೆ ಏಳರ ಸುಮಾರಿಗೆ ಬರುತ್ತದೆ. ನಾವು ಹೊರಟ ಶನಿವಾರ ಅದು ತಡವಾಯಿತು. ಕಾಯುತ್ತ ನಿಂತಾಗ ನನ್ನ ಅಕ್ಕ ಗಂಗವ್ವ ರೊಟ್ಟಿಯ ಗಂಟನ್ನು ಕಂಕುಳಲ್ಲಿ ಇಟ್ಟುಕೊಂಡು, ರೋಣದ ಕಚೇರಿಯ ಎಂಜಿನಿಯರ್ ಸಾಹೇಬರಿಗೆ ಹೇಳಬೇಕಾದ ಮಾತನ್ನು ನನ್ನ ಮುಂದೆ ಒಪ್ಪಿಸಿ ನೋಡುತ್ತಿದ್ದಳು.

“ಮೊದಲ ಕೈ ಮುಗೀತೀನಿ. ಆಮ್ಯಾಲೆ ಕೇಳ್ತೀನಿ, ಸಾಹೇಬ್ರ, ನಿಮ್ಮವ್ವ ಸಂಜಿಮುಂದ ಎಲ್ಲಿ ಕುಂದರ್ತಾರ್ರಿ ಅಂತ. ಹ್ಯಾಂಗ?”

“ಚಲೋ ಐತಿ,” ಎಂದೆ.

“ನೀ ಅಲ್ಲಿ ಬಾಯಿ ತಗೀಬ್ಯಾಡ. ನಿನಗ ಸಾಹೇಬ್ರ ಮುಂದ ಮಾತ ಬರೂದಿಲ್ಲ. ಬರ್ತಿದ್ರ ಅವತ್ತ ಜಗಳಾಡಿ ಕಟ್ಟಿ ಉಳಸ್ತಿದ್ದಿ.”

ಅವಳು ಹೇಳುತ್ತಿದ್ದುದು ಮನೆಯ ಮುಂದಿನ ಕಟ್ಟೆಯ ವಿಷಯ. ನಮ್ಮ ಹಳೆಯ ಮನೆ ಮಲಪ್ರಭೆಯ ದಂಡೆಗಿದೆ. ಹೊಳೆ ಬಂದ ವರ್ಷ ಪಡಸಾಲೆಯವರೆಗೆ ನೀರು ನಿಲ್ಲುತ್ತದೆ. ಊರನ್ನು ಎತ್ತರದ ಜಾಗಕ್ಕೆ ಸರಿಸಿ ನವಗ್ರಾಮ ಮಾಡಿದಾಗ ಅಕ್ಕನಿಗೂ ಅಲ್ಲೊಂದು ಜಾಗ ಸಿಕ್ಕಿತು. ಭಾವ ತೀರಿಕೊಂಡ ಮೇಲೆ ಒಬ್ಬಳೇ ಇರುವ ಅವಳಿಗೆ ಹೋದ ವರ್ಷ ಅಲ್ಲಿ ಮನೆ ಕಟ್ಟಿಕೊಟ್ಟವನು ನಾನು. ಏಳನೇ ಇಯತ್ತೆಗೆ ಶಾಲೆ ಬಿಟ್ಟು ಗೋವಾಕ್ಕೆ ಹೋಗಿ ಗೌಂಡಿ ಕೆಲಸ ಕಲಿತವನು ನಾನು. ಮನೆಗೆ ಎರಡು ಕೋಣೆ, ದೊಡ್ಡ ಹಾಲ್, ನಲ್ಲಿ, ಪಾಯಖಾನೆ ಎಲ್ಲ ಮಾಡಿದೆ. ಬಾಗಿಲ ಮುಂದೆ ಕಟ್ಟೆ ಮಾತ್ರ ಮಾಡಲಿಲ್ಲ. ಅಕ್ಕ ಕೇಳಿದಾಗ, “ರಸ್ತೇಕ್ಕ ಜಾಗ ಬಿಡಬೇಕಂತ. ಎಂಜಿನಿಯರ್ ಸಾಹೇಬ್ರು ಬ್ಯಾಡ ಅಂದ್ರು” ಎಂದು ಹೇಳಿದೆ.

ಯಾವ ಸಾಹೇಬರೂ ಹಾಗೆ ಹೇಳಿರಲಿಲ್ಲ. ಕಟ್ಟೆ ಬೇಡ ಎಂದವನು ನಾನೇ.

ಊರಿಗೆ ಬಂದು ಸ್ವಂತವಾಗಿ ಕೆಲಸ ಹಿಡಿಯುವ ಆಸೆ ನನಗಿತ್ತು. ಈಗ ನಮ್ಮ ಕಡೆ ಜನ ಮನೆಯ ಮುಂಭಾಗ ನೋಡಿ ಗೌಂಡಿಯನ್ನು ಗೊತ್ತು ಮಾಡುತ್ತಾರೆ. ಫೋನಿನಲ್ಲಿ ಚಿತ್ರ ತೋರಿಸಿ ಹೀಗೇ ಬೇಕು ಎನ್ನುತ್ತಾರೆ. ಆ ಚಿತ್ರ ಹೈದರಾಬಾದಿನದೋ ದುಬೈಯದೋ ಯಾರಿಗೂ ಗೊತ್ತಿರುವುದಿಲ್ಲ. ಅಂಥದ್ದೊಂದನ್ನು ನಾನು ಅಕ್ಕನ ಮನೆಗೆ ಮಾಡಿದೆ. ನೆಲದಿಂದ ಮೇಲಿನವರೆಗೆ ಬೂದು ಬಣ್ಣದ ಹೊಳೆಯುವ ಟೈಲ್ಸು, ನಡುವೆ ಕಪ್ಪು ಪಟ್ಟಿ, ಮೇಲೆ ಸ್ಟೀಲಿನ ಕಂಬಿ. ಕಟ್ಟೆ ಬಂದರೆ ಟೈಲ್ಸಿನ ಕೆಳಭಾಗ ಮುಚ್ಚಿಹೋಗುತ್ತದೆ. ಜನ ಕುಳಿತು ತಲೆ ಒರಗಿಸಿದರೆ ಎಣ್ಣೆಯ ಕಲೆ ಬೀಳುತ್ತದೆ. ಅಕ್ಕ ಇರಬೇಕಾದ ಮನೆಯನ್ನು ನಾನು ನನ್ನ ಅಂಗಡಿಯ ಬೋರ್ಡಿನ ಹಾಗೆ ಕಟ್ಟಿದೆ. ಅದನ್ನು ನೋಡಿ ಎರಡು ಕೆಲಸ ಬಂದವು ಕೂಡ.

ಆದರೆ ಅಕ್ಕನ ಮನೆಗೆ ಜನ ಬರುವುದು ನಿಂತಿತು. ಹೊಳೆಯ ದಂಡೆಯ ಮನೆಯಲ್ಲಿ ಅವಳೂ ನೆರೆಮನೆಯ ಹಸೀನಾಬಿಯೂ ಮಧ್ಯಾಹ್ನ ಕಟ್ಟೆಯ ಮೇಲೆ ಎದುರುಬದುರು ಕುಳಿತು ಹಳೆಯ ಸೀರೆಗಳ ಕೌದಿ ಹೊಲಿಯುತ್ತಿದ್ದರು. ಒಬ್ಬರ ಅಡುಗೆಮನೆಗೆ ಇನ್ನೊಬ್ಬರು ಹೋದವರಲ್ಲ. ಹೋಗುವ ಪ್ರಸಂಗವೇ ಬಂದಿರಲಿಲ್ಲ, ಏಕೆಂದರೆ ಹೊರಗೆ ಕಟ್ಟೆಯಿತ್ತು. ಹಸೀನಾಬಿಗೂ ನವಗ್ರಾಮದಲ್ಲೇ ಮನೆಯಾಗಿದೆ. ಅಕ್ಕನ ಹೊಸ ಮನೆಗೆ ಅವಳು ಒಂದೇ ಸಲ ಬಂದಳು. ಚಪ್ಪಲಿ ಬಿಟ್ಟು ಬಾಗಿಲಲ್ಲಿ ನಿಂತು ಒಳಗಿನ ನೆಲ ನೋಡಿದಳು. ಕೆಲಸವಿದೆ ಎಂದು ಹೊರಟುಹೋದಳು.

“ಒಳಗ ಕರದ್ರ ಚಾ ಮಾಡಬೇಕು. ಚಾ ಕುಡದ್ರ ಇನ್ನ ಯಾವಾಗ ಏಳೂದು ಅಂತ ಆಕಿಗೆ ಚಿಂತಿ,” ಎಂದು ಅಕ್ಕ ಹೇಳಿದ್ದಳು. “ಕಟ್ಟಿ ಮ್ಯಾಲ ಕುಂತ್ರ ಯಾಕ ಬಂದಿ ಅಂತನೂ ಕೇಳಂಗಿಲ್ಲ, ಯಾಕ ಹೊಂಟಿ ಅಂತನೂ ಕೇಳಂಗಿಲ್ಲ.”

ಈ ಬೇಸಿಗೆಯಲ್ಲಿ ಅವಳು ಖಡಾಖಂಡಿತವಾಗಿ ಹೇಳಿಬಿಟ್ಟಳು. ಸಾಹೇಬರು ಕಟ್ಟೆಗೆ ಒಪ್ಪದಿದ್ದರೆ ಮಳೆಗಾಲಕ್ಕೆ ಮೊದಲೇ ಹೊಳೆಯ ಮನೆಗೆ ವಾಪಸು ಹೋಗುತ್ತಾಳೆ. ಆ ಮನೆಯ ಹಿಂದಿನ ಗೋಡೆ ಹೋದ ಸಲದ ನೀರಿಗೇ ಜರಿದಿದೆ. ಇನ್ನೊಂದು ಹೊಳೆಗೆ ಅದು ನಿಲ್ಲುವುದಿಲ್ಲ ಎಂಬುದು ಗೌಂಡಿಯಾದ ನನಗೆ ಗೊತ್ತು. ರೋಣಕ್ಕೆ ಹೋಗಿ ತಾನೇ ಕೇಳುತ್ತೇನೆಂದು ಅವಳು ಹಟ ಹಿಡಿದಾಗ ನಾನು ಇನ್ನೊಂದು ಕಳ್ಳತನ ಮಾಡಿದೆ. ಎರಡನೇ ಶನಿವಾರ ಕಚೇರಿಗೆ ರಜೆ ಇರುತ್ತದೆಂದು ತಿಳಿದೇ ಆ ದಿನ ಹೊರಡಿಸಿದೆ.

ಬಸ್ಸು ಹೊಳೆಆಲೂರಿಗೆ ಬಂದಾಗ ರೈಲು ಇಳಿದವರು ತುಂಬಿಕೊಂಡರು. ಕಂಡಕ್ಟರು ಅಕ್ಕನ ಆಧಾರ್ ಕಾರ್ಡು ನೋಡಿ ಸೊನ್ನೆಯ ಚೀಟಿ ಹರಿದು ಕೊಟ್ಟ. ನನ್ನಿಂದ ಹಣ ತೆಗೆದುಕೊಂಡ.

“ನೋಡ್ರಿ ಕಂಡಕ್ಟರ್ರ, ಇವ ರೊಕ್ಕ ಕೊಟ್ಟು ನಿಂತಾನ, ನಾ ಬಿಟ್ಟಿ ಬಂದು ಕುಂತೀನಿ,” ಎಂದಳು ಅಕ್ಕ.

“ಹೌದಬೇ ಯವ್ವಾ. ಗಂಡಸ್ರ ಹಣೇಬಾರ ಈಗ ಹಿಂಗ ಆಗೇತಿ,” ಎಂದು ಅವನು ನಕ್ಕು ಮುಂದೆ ಹೋದ.

ಎರಡೂ ಬದಿ ಹರಗಿದ ಎರೆಹೊಲ. ಬಿಸಿಲಿಗೆ ಕೈ ಹೋಗುವಷ್ಟು ಅಗಲದ ಬಿರುಕು ಬಿಟ್ಟಿತ್ತು. ಈ ಮಣ್ಣಿನ ಮೇಲೆ ಪಾಯ ಹಾಕುವುದೇ ಒಂದು ಕಷ್ಟ. ಮಳೆಗೆ ಉಬ್ಬುತ್ತದೆ, ಬೇಸಿಗೆಗೆ ಕುಗ್ಗುತ್ತದೆ. ಅದಕ್ಕೇ ನಮ್ಮ ಹಿರಿಯರು ಗೋಡೆಯನ್ನು ಮೊಳಗಟ್ಟಲೆ ದಪ್ಪ ಇಟ್ಟರು. ಮಳೆ ಕಡಿಮೆಯೆಂದು ಮೇಲೆ ಸಪಾಟಾದ ಮಣ್ಣಿನ ಮಾಳಿಗೆ ಹಾಕಿದರು. ಗೋವಾದ ಮಳೆಗೆ ಆ ಮಾಳಿಗೆ ಒಂದು ವಾರ ತಾಳಲಾರದು. ಅಲ್ಲಿನ ಇಳಿಜಾರು ಹಂಚಿನ ಮನೆಯನ್ನು ಇಲ್ಲಿ ತಂದಿಟ್ಟರೆ ಮೆಣಸಿನಕಾಯಿ ಒಣಗಿಸಲು, ಬೇಸಿಗೆಯಲ್ಲಿ ಮಲಗಲು ಜಾಗವಿರದು. ಇದೆಲ್ಲ ನನಗೆ ಕೆಲಸದಲ್ಲಿ ಗೊತ್ತಿದ್ದ ಸಂಗತಿಯೇ. ಗೊತ್ತಿದ್ದೂ ದುಬೈಯ ಚಿತ್ರ ನೋಡಿ ಕಟ್ಟಿದೆ.

ರೋಣದಲ್ಲಿ ಕಚೇರಿಯ ಗೇಟಿಗೆ ಕೀಲಿ ಇತ್ತು. ಅಕ್ಕ ಸರಪಳಿಯನ್ನು ಅಲ್ಲಾಡಿಸಿ ನೋಡಿದಳು.

“ಈ ಮನಷ್ಯಾ ಮಂದಿ ಕುಂದರೂ ಜಾಗಾನೂ ಕಸಗೊಂಡ. ಈಗ ತಾನೂ ಕುಂತಿಲ್ಲ,” ಎಂದಳು. “ಇರಲಿ. ಸೋಮವಾರ ಬರೂಣು. ಹೆಂಗೂ ಬಸ್ಸಿನ ರೊಕ್ಕ ಇಲ್ಲ ನಂಗ. ಗಜೇಂದ್ರಗಡದ ರತ್ನವ್ವನ ಮನಿಗೆ ಹೋಗಿ, ನರಗುಂದಕ್ಕ ನಾದಿನಿ ಕಡೆ ಹೋಗಿ ಬರೂಣು.”

ಒಂದು ದಿನದ ಮಟ್ಟಿಗೆ ತಪ್ಪಿಸಿಕೊಂಡೆ ಎಂದುಕೊಂಡಿದ್ದವನಿಗೆ ಮೂರು ದಿನದ ಪ್ರಯಾಣ ಗಂಟುಬಿತ್ತು. ಬೇಡ ಎನ್ನಲು ಕಾರಣ ಸಿಗಲಿಲ್ಲ.

ಬಿಸಿಲು ಏರುವ ಮೊದಲು ಬುತ್ತಿ ಬಿಚ್ಚೋಣವೆಂದು ಊರೊಳಗಿನ ಒಂದು ಹಳೆಯ ಕಲ್ಲಿನ ಗುಡಿಗೆ ಹೋದೆವು. ರೋಣದಲ್ಲಿ ಇಂಥ ಗುಡಿಗಳು ಹಲವು ಇವೆ. ಸಾವಿರ ವರ್ಷದ ಹಿಂದಿನವು ಎನ್ನುತ್ತಾರೆ. ಗುಡಿಯ ಮುಂದಿನ ಮಂಟಪದ ಸುತ್ತ ಕಲ್ಲಿನ ಆಸನ. ಅದಕ್ಕೆ ಒರಗಲು ಹೊರಕ್ಕೆ ವಾಲಿದ ಕಲ್ಲಿನ ಬೆನ್ನು. ನಾನು ಕುಳಿತು ಒರಗಿದೆ. ಕಲ್ಲು ನನ್ನ ಬೆನ್ನಿಗೆ ಸರಿಯಾಗಿ ಕೂತಿತು. ಜೇಬಿನಲ್ಲಿದ್ದ ಟೇಪು ತೆಗೆದು ಅಳತೆ ಹಿಡಿದೆ. ಅಭ್ಯಾಸ.

ಅಲ್ಲಿ ಕುಳಿತಿದ್ದ ಮುದುಕರೊಬ್ಬರು ಅಕ್ಕನನ್ನು ಯಾವೂರು, ಯಾರ ಪೈಕಿ ಎಂದು ಕೇಳಿದರು. ರೊಟ್ಟಿ, ಶೇಂಗಾ ಚಟ್ನಿ ಮುಗಿಯುವಷ್ಟರಲ್ಲಿ ಅವರ ಸೊಸೆಯ ತವರಿನವರು ನಮ್ಮ ಭಾವನ ದೂರದ ಬಳಗವೆಂದು ಗೊತ್ತಾಯಿತು.

“ನೋಡೋ ತಮ್ಮಾ,” ಎಂದಳು ಅಕ್ಕ, ಕಲ್ಲಿನ ಮೇಲೆ ಅಂಗೈ ಬಡಿದು. “ದೇವ್ರಿಗೂ ಕಟ್ಟಿ ಐತಿ. ಆ ಕಾಲದ ಎಂಜಿನಿಯರ ಬ್ಯಾಡ ಅಂದಿದ್ರ ಈ ಅಜ್ಜಾವ್ರು ಎಲ್ಲಿ ಕುಂದರಬೇಕಿತ್ತು?”

“ಈಗಿನ ಮಂದಿಗೆ ಏನ ಗೊತ್ತವ್ವಾ,” ಎಂದರು ಮುದುಕರು.

ನನಗೆ ಗೋವಾದ ಒಂದು ಮನೆ ನೆನಪಾಯಿತು. ಮಡಗಾಂವ ಕಡೆ, ಪೋರ್ಚುಗೀಸರ ಕಾಲದ್ದು. ಬಾಗಿಲ ಎರಡೂ ಬದಿ ರಸ್ತೆಗೆ ಮುಖ ಮಾಡಿದ ಸಿಮೆಂಟಿನ ಆಸನಗಳಿದ್ದವು. ಬಲ್ಕಾಂವ್ ಅನ್ನುತ್ತಾರೆ. ಅದರ ಒಡತಿ, ವಯಸ್ಸಾದ ಹೆಂಗಸು, ಚರ್ಚಿನಿಂದ ಬರುವವರನ್ನು ಅಲ್ಲಿಂದಲೇ ಕೂಗಿ ಮಾತಾಡಿಸುತ್ತಿದ್ದಳು. ಅವುಗಳ ಬಿರುಕು ಮುಚ್ಚಿ ನಯ ಮಾಡಿದವನು ನಾನೇ. ಅದು ಪರದೇಶದವರ ಶೋಕಿ ಎಂದು ತಿಳಿದಿದ್ದೆ. ಬೇರೆ ದೇವರು, ಬೇರೆ ಮಾತು, ಬೇರೆ ಊಟದ ಜನವೂ ಸಂಜೆಗೆ ಬಾಗಿಲ ಹೊರಗೆ ಕೂಡಲು ಒಂದು ಜಾಗ ಮಾಡಿಕೊಂಡಿದ್ದರು ಎಂಬುದು ರೋಣದ ಆ ಕಲ್ಲಿನ ಮೇಲೆ ಕೂತಾಗ ಹೊಳೆಯಿತು. ಅಲ್ಲೇ ಅಕ್ಕನಿಗೆ ಖರೇ ಹೇಳಬೇಕಿತ್ತು. ಮುದುಕರು ಎದುರಿಗಿದ್ದಾರೆ ಎಂಬ ನೆಪ ಸಿಕ್ಕಿತು, ಸುಮ್ಮನಾದೆ.

ಅಬ್ಬಿಗೇರಿ ಹಾದು ಹೋಗುವ ಬಸ್ಸಿನಲ್ಲಿ ಗಜೇಂದ್ರಗಡ ತಲುಪಿದಾಗ ಊರಿನ ಹಿಂದಿನ ಗುಡ್ಡದ ಮೇಲೆ ಗಾಳಿಯಂತ್ರಗಳು ನಿಧಾನ ತಿರುಗುತ್ತಿದ್ದವು. ರತ್ನವ್ವ ನಮ್ಮ ಚಿಕ್ಕಮ್ಮನ ಮಗಳು. ಅವಳ ಗಂಡ ಈರಣ್ಣ ಕೈಮಗ್ಗದ ನೇಕಾರ. ಪಡಸಾಲೆಯ ನೆಲದಲ್ಲಿ ತಗ್ಗು ತೋಡಿ, ಅದರಲ್ಲಿ ಕಾಲು ಇಳಿಬಿಟ್ಟು ಕುಳಿತು ನೇಯುತ್ತಾನೆ. ಮಗ್ಗದ ಮೇಲೆ ಪಟ್ಟೇದಂಚಿನ ಸೀರೆ ಇತ್ತು, ಅರಿಶಿಣ ಬಣ್ಣದ ಚೌಕಳಿ ಮೈ, ಅಗಲವಾದ ಕೆಂಪು ಅಂಚು.

ಅಕ್ಕ ಅದನ್ನು ಮಗುಚಿ ನೋಡಿದಳು. “ಇದರ ಒಳಮೈ ಯಾವದು, ಹೊರಮೈ ಯಾವದು?”

“ಹಂಗ ಏನಿಲ್ಲಕ್ಕಾ. ಎರಡೂ ಹೊರಮೈನ,” ಎಂದ ಈರಣ್ಣ. “ಹೊಲಕ್ಕ ಹೋಗೋ ಹೆಣ್ಮಕ್ಕಳು ಉಡೂ ಸೀರಿ ಇದು. ಒಂದ ಮಗ್ಗಲ ಮಾಸಿದ್ರ ಮಗುಚಿ ಉಟಗೊಂಡು ಸಂತಿಗೆ ಹೋಗಬೇಕು. ಹಿಂದಕ ಎರಡ ಸೀರಿ ಯಾರ ಹತ್ರ ಇದ್ವು?”

“ಈಗ?”

“ಈಗ ಪ್ಯಾಟಿಯಿಂದ ಬಂದು ಕೇಳ್ತಾರ. ಎರಡೂ ಮಗ್ಗಲ ಒಂದ ಥರಾ ಐತಿ ಅಂತ ಫೋಟೋ ಹೊಡಕೊಂಡು ಹೋಗ್ತಾರ. ಮಗುಚಿ ಉಡೋರು ಯಾರೂ ಇಲ್ಲ.”

ನನ್ನ ಕಣ್ಣು ಕಿಟಕಿಯ ಮೇಲಿತ್ತು. ಅದು ನೆಲಕ್ಕೆ ಹತ್ತಿರವೇ ಇತ್ತು, ಮೊಣಕಾಲಿನ ಎತ್ತರದಲ್ಲಿ. ಯಾರೋ ತಿಳಿಯದವರು ಇಟ್ಟ ಕಿಟಕಿ ಎಂದುಕೊಂಡೆ, ಎತ್ತರಕ್ಕೆ ಸರಿಸಿಕೊಡಲೇ ಎಂದು ಕೇಳಿಯೂ ಬಿಟ್ಟೆ. ಈರಣ್ಣ ಎದ್ದು ತನ್ನ ತಗ್ಗಿನಲ್ಲಿ ನನ್ನನ್ನು ಕೂರಿಸಿದ. ಕುಳಿತರೆ ಕಿಟಕಿ ಸರಿಯಾಗಿ ಎದೆಯ ಮಟ್ಟಕ್ಕೆ ಬಂತು. ಬೆಳಕು ನೂಲಿನ ಮೇಲೆ ನೇರ ಬೀಳುತ್ತಿತ್ತು. ಹೊರಗೆ ಓಣಿಯಲ್ಲಿ ಹೋಗುವವರ ಪಾದ ಮಾತ್ರ ಕಾಣುತ್ತಿದ್ದವು.

“ನಮ್ಮ ಮನಿಯವ್ರು ಮಂದಿ ಕಾಲ ನೋಡೇ ಹೆಸರ ಹಿಡದ ಕರೀತಾರ,” ಎಂದಳು ರತ್ನವ್ವ. “ಮುಖಾ ಎದುರಿಗೆ ಬಂದ್ರ ಗುರ್ತ ಸಿಗಂಗಿಲ್ಲ!”

ಅವಳು ಹೇಳುವಷ್ಟರಲ್ಲಿ ಎರಡು ಪಾದ ನಿಂತವು. ಒಬ್ಬಾತ ಕುಕ್ಕರಗಾಲಿನಲ್ಲಿ ಕುಳಿತು ಕಿಟಕಿಯೊಳಗೆ ಮುಖವಿಟ್ಟ. ನನ್ನನ್ನು ಕಂಡು ಬೆಚ್ಚಿದ. “ಇದ್ಯಾರೋ ಈರಣ್ಣಾ, ನಿನ್ನ ತೆಗ್ಗಿನ್ಯಾಗ?”

“ಗೌಂಡಿ. ಕಿಟಕಿ ಮ್ಯಾಲ ಮಾಡತಾನಂತ.”

“ಮಾಡ್ಲಿ ಮಾಡ್ಲಿ. ಆಮ್ಯಾಲೆ ನಾ ನಿಚ್ಚಣಕಿ ತರ್ತೀನಿ, ನಿನ್ನ ಕೂಡ ಮಾತಾಡಾಕ.”

ಎಲ್ಲರೂ ನಕ್ಕರು. ಅಕ್ಕ ಎಲ್ಲರಿಗಿಂತ ಹೆಚ್ಚು ನಕ್ಕಳು. ಅವಳು ಹಾಗೆ ನಕ್ಕಿದ್ದನ್ನು ಹೊಸ ಮನೆಗೆ ಬಂದ ಮೇಲೆ ನಾನು ನೋಡಿರಲಿಲ್ಲ. ಸಂಜೆಯವರೆಗೂ ಅವಳು ರತ್ನವ್ವನ ಮನೆಯ ಕಟ್ಟೆ ಬಿಟ್ಟು ಏಳಲಿಲ್ಲ. ಬದನೆಕಾಯಿ ಸೀಳುತ್ತ, ಹೋಗಿ ಬರುವವರನ್ನೆಲ್ಲ ಮಾತಾಡಿಸುತ್ತ ಕುಳಿತಿದ್ದಳು. ಆ ಓಣಿಯಲ್ಲಿ ಅವಳಿಗೆ ಯಾರ ಗುರುತೂ ಇರಲಿಲ್ಲ. ಎಲ್ಲರಿಗೂ ಹೊಳೆಮಣ್ಣೂರಿನ ಎಂಜಿನಿಯರನ ಕತೆ ಹೇಳಿದಳು. ಆ ಪುಣ್ಯಾತ್ಮನಿಗೆ ಅವರೆಲ್ಲ ಸೇರಿ ಮನಸಾರೆ ಬೈದರು. ನಾನು ಒಳಗೆ ಮಗ್ಗದ ಸದ್ದಿನ ಹತ್ತಿರ ಕುಳಿತೆ. ಅಲ್ಲಿಗೂ ಕೇಳುತ್ತಿತ್ತು.

ಮರುದಿನ ರೋಣದಲ್ಲಿ ಬಸ್ಸು ಬದಲಿಸಿ ನರಗುಂದ ಮುಟ್ಟಿದಾಗ ಮಧ್ಯಾಹ್ನವಾಗಿತ್ತು. ಗುಡ್ಡ ದೂರದಿಂದಲೇ ಕಾಣುತ್ತದೆ. ಸುತ್ತ ಎಲ್ಲಿ ನೋಡಿದರೂ ಸಪಾಟು ಎರೆ, ನಡುವೆ ಅದೊಂದೇ ಎದ್ದು ನಿಂತಿದೆ. ಬಸ್‌ಸ್ಟ್ಯಾಂಡಿನ ಹತ್ತಿರ ಗಿರ್ಮಿಟ್ಟು, ಮಿರ್ಚಿ ತಿಂದು, ಗುಡ್ಡದ ಮೇಲಿನ ಕೋಟೆಯ ಕೆಳಗಿನ ಹಳೆಯ ಓಣಿಗಳಲ್ಲಿ ಅಕ್ಕನ ನಾದಿನಿಯ ಮನೆಗೆ ನಡೆದು ಹೊರಟೆವು.

ಅಲ್ಲಿನ ಹಳೆಯ ವಾಡೆಗಳನ್ನು ನಾನು ಮೊದಲೂ ನೋಡಿದ್ದೆ, ಗಮನಿಸಿರಲಿಲ್ಲ. ಬಾಗಿಲು ಸಣ್ಣದು, ತಲೆ ಬಗ್ಗಿಸಿ ಹೋಗಬೇಕು. ದಪ್ಪ ಹಲಗೆಗೆ ಕಬ್ಬಿಣದ ಮೊಳೆ, ಹಿಂದೆ ಗೋಡೆಯೊಳಗೆ ಸರಿಯುವ ಅಗಳಿ. ಹೊರಗೋಡೆಗೆ ಕಿಟಕಿಯೇ ಇಲ್ಲ. ದಂಡು, ಲೂಟಿ ಕಂಡ ಊರು. ಮನೆಯೊಂದೊಂದೂ ಪುಟ್ಟ ಕೋಟೆಯ ಹಾಗಿದೆ. ಆದರೆ ಅಷ್ಟು ಹೆದರಿ ಕಟ್ಟಿದವರೂ ಬಾಗಿಲ ಎರಡೂ ಬದಿ ಅಗಲವಾದ ಕಟ್ಟೆ ಬಿಟ್ಟಿದ್ದಾರೆ. ಗುರುತಿಲ್ಲದವನು ಬಂದರೆ ಒಳಗೆ ಕರೆಯುವಂತಿಲ್ಲ, ಹೋಗು ಎನ್ನುವಂತೆಯೂ ಇಲ್ಲ. ಅವನು ಅಲ್ಲಿ ಕೂಡಬೇಕು, ನೀರು ಕುಡಿಯಬೇಕು, ಬೇಕಾದರೆ ಮಲಗಬೇಕು. ನಾನು ಒಂದೊಂದರ ಎತ್ತರ ಅಳೆದೆ. ಅಕ್ಕ ಒಂದೊಂದರ ಮೇಲೆ ಕುಳಿತು ನೋಡಿದಳು. ಪಾದ ನೆಲಕ್ಕೆ ಮುಟ್ಟಿದರೆ ಸರಿ, ಮುಟ್ಟದಿದ್ದರೆ “ಇದು ಗೌಡ್ರದು” ಎಂದು ಎದ್ದುಬಿಡುತ್ತಿದ್ದಳು.

ಓಣಿಯ ಕೊನೆಗೆ ಕೆಡವಿದ ಮನೆಗಳ ಕಲ್ಲು, ಕಂಬ, ಬಾಗಿಲು ಮಾರುವ ಜಾಗವಿತ್ತು. ಯಜಮಾನರು ಮೌಲಾಸಾಬ. ಅಲ್ಲಿ ಬಿದ್ದಿದ್ದ ಒಂದು ಕಟ್ಟೆಗಲ್ಲು ಕಂಡು ಅಕ್ಕ ನಿಂತುಬಿಟ್ಟಳು. ಉದ್ದನೆಯ ಚಪ್ಪಡಿ, ಕುಳಿತು ಕುಳಿತು ನಡುವೆ ನುಣುಪಾಗಿತ್ತು. ಒಂದು ತುದಿಗೆ ಯಾವ ಕಾಲದಲ್ಲೋ ಯಾರೋ ಚೌಕಾಬಾರಾ ಆಟದ ಮನೆ ಕೊರೆದಿದ್ದರು.

“ಕುಂದ್ರಬೇ, ಕುಂತ ನೋಡು. ಕುಂದ್ರಾಕ ರೊಕ್ಕ ಇಲ್ಲ,” ಎಂದರು ಮೌಲಾಸಾಬ.

ಅಕ್ಕ ಕುಳಿತಳು. ಸೀರೆಯ ಸೆರಗನ್ನು ಕೌದಿಯ ಹಾಗೆ ಮುಂದೆ ಹರಡಿ ನೋಡಿದಳು. ಆಮೇಲೆ ಸಾಹೇಬರ ಕತೆ ಶುರು ಮಾಡಿದಳು. ಮೌಲಾಸಾಬ ಪೂರ್ತಿ ಕೇಳಿದರು.

“ಹಂಗೆಲ್ಲ ಕಾಯ್ದೆ ಇಲ್ಲವಾ. ನಾ ಎಷ್ಟ ಹೊಸಾ ಮನಿಗೆ ಈ ಕಲ್ಲ ಕೊಟ್ಟೀನಿ. ನಿಮ್ಮ ಜಾಗದಾಗ ನೀವ ಕಟ್ಟಿ ಕಟ್ಟಿದ್ರ ಯಾವನೂ ಬ್ಯಾಡ ಅನ್ನಂಗಿಲ್ಲ. ಯಾರ ಆ ಎಂಜಿನಿಯರ? ಹೆಸರ ಹೇಳ, ನನಗ ರೋಣದಾಗ ಗುರ್ತಿನವ್ರ ಅದಾರ.”

“ಹೆಸರ ಇವಂಗ ಗೊತ್ತೈತ್ರಿ. ಹೇಳೋ ತಮ್ಮಾ.”

ಸುಳ್ಳು ಹೇಳುವಾಗ ನಾನು ಹೆಸರು ಇಟ್ಟಿರಲಿಲ್ಲ. ಈಗ ಒಂದು ಹೆಸರು ಹೇಳಿದರೆ ಆ ಹೆಸರಿನ ಯಾವನೋ ಒಬ್ಬನ ಮೇಲೆ ಇದೆಲ್ಲ ಬೀಳುತ್ತದೆ.

“ಹೆಸರಿಲ್ಲ,” ಎಂದೆ.

“ಹೆಸರಿಲ್ಲದ ಮನಷ್ಯಾ ಇರ್ತಾನೇನೋ?”

“ಯಾರೂ ಬ್ಯಾಡ ಅಂದಿಲ್ಲಕ್ಕಾ. ನಾನ ಬಿಟ್ಟೆ. ಟೈಲ್ಸ್ ಕಾಣಲಿ ಅಂತ.”

“ಯಾರಿಗೆ ಕಾಣಲಿ?”

“ಕೆಲಸ ಕೊಡೋರಿಗೆ.”

ಮೌಲಾಸಾಬ ಚಹಾ ಹೇಳಿ ಬರುತ್ತೇನೆಂದು ಎದ್ದು ಹೋದರು. ಅಕ್ಕ ಕಲ್ಲಿನ ಮೇಲೆ ಕೊರೆದ ಗೆರೆಗಳನ್ನು ಬೆರಳಿನಿಂದ ಉಜ್ಜುತ್ತ ಕುಳಿತಳು. ಬೈಯುತ್ತಾಳೆ ಎಂದು ಕಾದೆ. ಬೈಯಲಿಲ್ಲ.

“ಹಸೀನಾ ಬಂದು ಬಾಗಲದಾಗ ನಿಂತ ದಿವಸ ನೀ ಅಲ್ಲೇ ಇದ್ದಿ.”

“ಇದ್ದೆ.”

“ಆಕಿ ಹೋದಮ್ಯಾಲೆ ನಾ ಅತ್ತೆ. ಆವಾಗ?”

“ಅಲ್ಲೇ ಇದ್ದೆ.”

“ಆವಾಗನೂ ಎಂಜಿನಿಯರ ಅಂದಿ.”

ಚಹಾ ಬಂತು. ಅವಳು ಕುಡಿದಳು. ಮೌಲಾಸಾಬರಿಗೆ, “ಈ ಕಲ್ಲು, ಅಲ್ಲಿ ಬಿದ್ದ ಇದರ ಜೋಡಿ ಕಲ್ಲು, ಎರಡೂ ಹೊಳೆಮಣ್ಣೂರಿಗೆ ಕಳಸ್ರಿ. ರೊಕ್ಕ ಇವ ಕೊಡ್ತಾನ,” ಎಂದಳು. ಅಷ್ಟೇ. ನಾದಿನಿಯ ಮನೆಯಲ್ಲಿ ಯಾರ ಮುಂದೆಯೂ ನನ್ನ ವಿಷಯ ಎತ್ತಲಿಲ್ಲ. ಊಟಕ್ಕೆ ಕುಳಿತಾಗ ನನ್ನ ತಾಟಿಗೆ ತಾನೇ ರೊಟ್ಟಿ ಹಾಕಿದಳು, ಮುಖ ನೋಡಲಿಲ್ಲ. ಅದಕ್ಕಿಂತ ಬೈಗುಳವೇ ಹಗುರವಾಗಿರುತ್ತಿತ್ತು.

ಸೋಮವಾರ ಬೆಳಿಗ್ಗೆ ಅವಳು ಸೀರೆ ಬದಲಿಸಿ ತಯಾರಾಗಿ ನಿಂತಳು. “ನಡಿ, ರೋಣಕ್ಕ.”

“ಇನ್ಯಾಕಕ್ಕಾ? ಸಾಹೇಬ್ರ ಹತ್ರ ಕೇಳೂದು ಏನೂ ಉಳದಿಲ್ಲಲ್ಲ.”

“ಕೇಳಾಕ ಅಲ್ಲ. ಒಂದ ವರ್ಷ ಆ ಮನಷ್ಯಾಗ ಬೈದೀನಿ. ಅವನ ಹೆಂಡ್ರು ಮಕ್ಕಳನ್ನೂ ಬಿಟ್ಟಿಲ್ಲ. ಗಜೇಂದ್ರಗಡದಾಗ ಮಂದಿ ಕೂಡಿಸಿ ಬೈಸೀನಿ. ಪಾಪ ನಂಗ ಹತ್ತಬೇಕೇನು?”

ದಾರಿಯುದ್ದಕ್ಕೂ ನಾನು ಬೇಡಿಕೊಂಡೆ. ಅವಳು ಕಿಟಕಿಯ ಹೊರಗೆ ನೋಡುತ್ತ ಕುಳಿತಿದ್ದಳು.

ಎಂಜಿನಿಯರ್ ಸಾಹೇಬರು ಇನ್ನೂ ಚಿಕ್ಕ ವಯಸ್ಸಿನವರು. ಮೈಸೂರು ಕಡೆಯ ಮಾತು. ಅಕ್ಕ ಹೋದವಳೇ ಮೇಜಿನ ಮುಂದೆ ಕೈ ಮುಗಿದಳು. “ತಪ್ಪಾತ್ರೀ ಸಾಹೇಬ್ರ. ನಿಮಗ ಭಾಳ ಬೈದೀನ್ರಿ.”

ಅವರು ಗಾಬರಿಯಾಗಿ ಎದ್ದು ನಿಂತರು. “ಯಾಕಮ್ಮ? ನಾನೇನು ಮಾಡ್ದೆ?”

“ನೀವು ಏನೂ ಮಾಡಿಲ್ಲರಿ. ಅದಕ್ಕ ಬಂದೀನಿ.” ನನ್ನ ಕಡೆ ತಿರುಗಿದಳು. “ಹೇಳು.”

ಕಚೇರಿಯ ಜನರೆಲ್ಲ ಕೇಳುವ ಹಾಗೆ ನಾನು ಹೇಳಬೇಕಾಯಿತು. ಹೇಳಿ ಮುಗಿಸಿದಾಗ ಸಾಹೇಬರಿಗೆ ನಗಬೇಕೋ ಬೈಯಬೇಕೋ ತಿಳಿಯಲಿಲ್ಲ.

“ನಾನ್ಯಾಕೆ ಬೇಡ ಅನ್ಲಿ? ನಿಮ್ಮ ಜಾಗದೊಳಗೇ ಇದ್ರೆ ಕಟ್ಕೊಳ್ಳಿ. ನಮ್ಮ ಕಡೆ ಜಗಲಿ ಅಂತೀವಿ. ನಮ್ಮಜ್ಜಿ ಇಡೀ ದಿನ ಅಲ್ಲೇ ಇರೋರು.”

“ನಿಮ್ಮವ್ವಾರು?” ಎಂದಳು ಅಕ್ಕ. “ಅವ್ರು ಸಂಜಿಮುಂದ ಎಲ್ಲಿ ಕುಂದರ್ತಾರ್ರಿ?”

ಸಾಹೇಬರು ಮತ್ತೆ ಕುರ್ಚಿಯಲ್ಲಿ ಕೂತರು. “ಅಪಾರ್ಟ್‌ಮೆಂಟಲ್ಲಿದ್ದಾರೆ. ಲಿಫ್ಟ್ ಪಕ್ಕ ಒಂದು ಕುರ್ಚಿ ಹಾಕ್ಕೊಂಡು ಕೂತಿರ್ತಾರೆ. ಬೇಡ ಅಂದ್ರೂ ಕೇಳಲ್ಲ. ಬಾಗಿಲು ತೆರೆದಾಗ ಯಾರಾದ್ರೂ ಮುಖ ಕಾಣ್ತಾರಂತೆ.”

“ಬ್ಯಾಡ ಅನ್ನಬ್ಯಾಡ್ರಿ,” ಎಂದಳು ಅಕ್ಕ.

ಅವರು ಗೇಟಿನವರೆಗೆ ಬಂದು ನಮ್ಮನ್ನು ಕಳಿಸಿದರು.

ಹೊಳೆಮಣ್ಣೂರಿನ ಬಸ್ಸಿನಲ್ಲಿ ಹಿಂದಿನ ಸೀಟು ಸಿಕ್ಕಿತು. ಹೊಳೆಆಲೂರು ದಾಟಿದ ಮೇಲೆ ಕೇಳಿದೆ, “ಅಕ್ಕಾ, ಹೊಳಿ ಮನಿಗೆ ಹೋಗ್ತೀಯೇನ?”

“ಹಿಂದಿನ ಗ್ವಾಡಿ ನಿಲ್ಲಂಗಿಲ್ಲ ಅಂತ ಹೇಳಿದ್ದಿ. ಅದೂ ಸುಳ್ಳೇನ?”

“ಅದು ಖರೇ.”

“ಹ್ಯಾಂಗ ನಂಬ್ಲಿ?”

ಗೌಂಡಿಯ ಮಾತನ್ನು ಊರು ನಂಬದಿದ್ದರೆ ಕೆಲಸ ಹೋಗುತ್ತದೆ, ಅಷ್ಟೇ. ಇವಳು ನಂಬದೆ ಆ ಗೋಡೆಯ ಕೆಳಗೆ ಹೋಗಿ ಮಲಗಿದರೆ?

ಕ್ರಾಸಿನಲ್ಲಿ ಇಳಿದು ನಡೆದು ಬಂದಾಗ ಅಕ್ಕನ ಮನೆಯ ಮುಂದೆ ಒಬ್ಬ ಮೋಟರ್‌ಸೈಕಲ್ ನಿಲ್ಲಿಸಿಕೊಂಡು ಫೋನಿನಲ್ಲಿ ಫೋಟೋ ತೆಗೆಯುತ್ತಿದ್ದ. ಪಶ್ಚಿಮದ ಬಿಸಿಲಿಗೆ ಟೈಲ್ಸು ಕಣ್ಣು ಕುಕ್ಕುತ್ತಿದ್ದವು. “ಈ ಮನಿ ಕಟ್ಟಿದ ಗೌಂಡಿ ಯಾರ್ರಿ?” ಎಂದು ನನ್ನನ್ನೇ ಕೇಳಿದ. “ನಮ್ಮೂರಾಗ ಎರಡ ಮನಿ ಎಬ್ಬಸೂದೈತಿ. ಮುಂಭಾಗ ಇದರಂಗ ಬೇಕು.”

ಅಕ್ಕ ನನ್ನ ಮುಖ ನೋಡಿದಳು. ನರಗುಂದದಿಂದ ಇಲ್ಲಿಯವರೆಗೆ ಅವಳು ನೋಡಿದ್ದು ಅದೇ ಮೊದಲು.

“ನಾನರಿ,” ಎಂದೆ. “ಆದ್ರ ಇದನ್ನ ಒಡ್ಯಾಕತ್ತೀನಿ. ಅಳತಿ ತಪ್ಪೇತಿ.”

“ಎಲ್ಲೈತ್ರಿ ತಪ್ಪು? ಕನ್ನಡಿ ಹಂಗ ಐತಲ್ಲ!”

“ಅದ ತಪ್ರಿ.”

ಅವನು ನನ್ನನ್ನು, ಗೋಡೆಯನ್ನು ಒಂದೆರಡು ಸಲ ನೋಡಿ, ಮೋಟರ್‌ಸೈಕಲ್ ಹತ್ತಿ ಹೋದ. ನಾನು ಹಿಂದಿನ ಸಾಲಿನ ನನ್ನ ಮನೆಗೆ ಹೋಗಿ ಸುತ್ತಿಗೆ, ಉಳಿ ತಂದೆ. ಬಾಗಿಲ ಎಡಕ್ಕೆ, ಕೆಳಗಿನ ಸಾಲಿನ ಮೊದಲ ಟೈಲ್ಸಿಗೆ ಹೊಡೆದೆ. ಬಿಡಲಿಲ್ಲ. ಯಾರಾದರೂ ಬಂದು ನೋಡಲೆಂದು ಕೂರಿಸಿದ್ದು, ಗಟ್ಟಿಯಾಗಿಯೇ ಕೂರಿಸಿದ್ದೆ. ನಾಲ್ಕೈದು ಪೆಟ್ಟಿನ ಮೇಲೆ ಸೀಳಿ, ಒಳಗಿನ ಇಟ್ಟಿಗೆ ಕಾಣಿಸಿತು.

ಸದ್ದಿಗೆ ಎದುರು ಸಾಲಿನವರು ಹೊರಗೆ ಬಂದರು. ಹಸೀನಾಬಿಯೂ ಕೈಯಲ್ಲಿ ಹಿಟ್ಟು ಮೆತ್ತಿಕೊಂಡೇ ಬಂದಳು. “ಏನಾತ ಗಂಗವ್ವಾ? ಸಾಹೇಬ ಒಪ್ಪಿದ್ನೇನ?”

ಅಕ್ಕ ಹೊಸಿಲ ಮೇಲೆ ಕುಳಿತು ಕಾಲು ಹೊರಗೆ ಚಾಚಿದಳು. “ಸಾಹೇಬ ಭಾಳ ಚಲೋ ಮನಷ್ಯಾ ಹಸೀನಾ. ನಾವೆಲ್ಲ ಸುಮ್ಮಸುಮ್ಮಕ ಬೈದ್ವಿ. ಬ್ಯಾಡ ಅಂದಾವ ಅವ ಅಲ್ಲ, ನನ್ನ ತಮ್ಮ. ಯಾಕ ಅಂತ ಅವನ್ನ ಕೇಳ್ರಿ.”

ಎಲ್ಲರೂ ನನ್ನ ಕಡೆ ತಿರುಗಿದರು. ನಾನು ಸುತ್ತಿಗೆ ಕೆಳಗಿಟ್ಟೆ.